ರೆಡಿ ಕಾಪಿ ಇತ್ತು, ಹೆಡ್ಡಿಂಗ್ ಇರಲಿಲ್ಲ

2018ರ ಜೂನ್ 8ರಂದು ಅಮೆರಿಕದ ಅಂಕಣಕಾರ ಚಾರ್ಲ್ಸ್ ಕ್ರೌಟ್‌ಹ್ಯಾಮರ್ ಓದುಗರಿಗೆ ಒಂದು ಪತ್ರ ಬರೆದರು. ಹಿಂದಿನ ವರ್ಷ ಹೊಟ್ಟೆಯ ಗೆಡ್ಡೆಗೆ ಆಪರೇಷನ್ ಆಗಿತ್ತು. ಕ್ಯಾನ್ಸರ್ ಮತ್ತೆ ಬಂದಿದೆ, ಇನ್ನು ಕೆಲವೇ ವಾರ ಅಂತ ವೈದ್ಯರು ಹೇಳಿದ್ದಾರೆ ಎಂದು ನೇರವಾಗಿ ತಿಳಿಸಿದ್ದರು. ಯಾವ ಕೊರಗೂ ಇಲ್ಲದೆ ಹೋಗುತ್ತಿದ್ದೇನೆ ಎಂದೂ ಬರೆದಿದ್ದರು. ಅದನ್ನು ಓದಿ ನನಗೆ ಗಂಟಲು ಕಟ್ಟಿತು. ಅಷ್ಟರಲ್ಲೇ ನಮ್ಮ ಪತ್ರಿಕೆಯ ಚೀಫ್ ಸಬ್ (ಮುಖ್ಯ ಉಪಸಂಪಾದಕ) ಹತ್ತಿರದಿಂದ ಮೆಸೇಜ್: ‘ರೆಡಿ ಕಾಪಿ ಮಾಡಿಡಿ.’

ಬದುಕಿರುವ ಮನುಷ್ಯನ ನಿಧನ ಸುದ್ದಿ ಬರೆಯುವುದು ಅಂತರರಾಷ್ಟ್ರೀಯ ಡೆಸ್ಕ್‌ನವರಿಗೆ ಹೊಸದಲ್ಲ. ಆದರೂ ಈ ಕಾಪಿ ಬೇಗ ಮುಗಿಯುವಂಥದ್ದಾಗಿರಲಿಲ್ಲ. ಫಾಕ್ಸ್ ನ್ಯೂಸ್‌ನಲ್ಲಿ ಕೂತು ಮಾತಾಡುವ ಬಲಪಂಥೀಯ ಅಂಕಣಕಾರ ಅಂತ ಒಂದು ಸಾಲಿನಲ್ಲಿ ಹೇಳಿಬಿಡಬಹುದು. ಆ ಸಾಲು ತಪ್ಪೂ ಅಲ್ಲ. ಆದರೆ ಅವರ ಬರಹಗಳನ್ನು ಇಸವಿಯ ಕ್ರಮದಲ್ಲಿ ಓದುತ್ತಾ ಹೋದರೆ ಅದು ತೀರಾ ಚಿಕ್ಕದಾಗುತ್ತದೆ.

1950ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದರು, ಬೆಳೆದದ್ದು ಮಾಂಟ್ರಿಯಲ್‌ನಲ್ಲಿ. ಮೆಕ್‌ಗಿಲ್, ಆಕ್ಸ್‌ಫರ್ಡ್ ಆದಮೇಲೆ ಹಾರ್ವರ್ಡ್‌ನಲ್ಲಿ ವೈದ್ಯಕೀಯಕ್ಕೆ ಸೇರಿದರು. ಮೊದಲ ವರ್ಷವೇ ಈಜುಕೊಳಕ್ಕೆ ಧುಮುಕುವಾಗ ಪೆಟ್ಟಾಗಿ ಬೆನ್ನುಹುರಿ ಹೋಯಿತು. ಆಸ್ಪತ್ರೆಯ ಹಾಸಿಗೆಯಲ್ಲೇ ಓದಿ, 1975ರಲ್ಲಿ ತಮ್ಮ ತರಗತಿಯವರ ಜೊತೆಗೇ ಪದವಿ ತೆಗೆದುಕೊಂಡರು. ಮನೋವೈದ್ಯರಾದರು. ಬೇರೆ ಕಾಯಿಲೆ ಅಥವಾ ಔಷಧಿಯಿಂದ ಬರುವ ಉನ್ಮಾದದ ಬಗ್ಗೆ 1978ರಲ್ಲಿ ಸಹಲೇಖಕರಾಗಿ ಬರೆದ ಪ್ರಬಂಧವನ್ನು ಆ ವಿಷಯದವರು ಆಮೇಲೂ ಉಲ್ಲೇಖಿಸುತ್ತಾ ಬಂದಿದ್ದಾರೆ.

ವಾಷಿಂಗ್ಟನ್‌ಗೆ ಬಂದದ್ದು ಡೆಮಾಕ್ರಟಿಕ್ ಪಕ್ಷದ ಕಾರ್ಟರ್ ಸರ್ಕಾರದ ಕೆಲಸಕ್ಕೆ. ಉಪಾಧ್ಯಕ್ಷ ಮಾಂಡೇಲ್ ಅವರಿಗೆ ಭಾಷಣ ಬರೆದುಕೊಟ್ಟರು. ರೇಗನ್ ಪ್ರಮಾಣವಚನ ತೆಗೆದುಕೊಂಡ 1981ರ ಜನವರಿಯಲ್ಲಿ ‘ನ್ಯೂ ರಿಪಬ್ಲಿಕ್’ ನಿಯತಕಾಲಿಕ ಸೇರಿದರು. 1985ರಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಅಂಕಣ ಶುರುವಾಯಿತು, 1987ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಕಮ್ಯುನಿಸ್ಟ್ ಸರ್ಕಾರಗಳ ವಿರುದ್ಧ ಹೋರಾಡುವವರಿಗೆ ಬೆಂಬಲ ಕೊಡುವ ಅಮೆರಿಕದ ನೀತಿಗೆ ‘ರೇಗನ್ ಸಿದ್ಧಾಂತ’ ಅನ್ನುವ ಹೆಸರು ಕೊಟ್ಟವರೂ ಇವರೇ, 1985ರಲ್ಲಿ ‘ಟೈಮ್’ನಲ್ಲಿ.

ಡೆಸ್ಕ್‌ನಲ್ಲಿ ಇಬ್ಬರು ಎರಡು ದಿಕ್ಕಿಗೆ ಎಳೆದರು. ‘ಗಾಲಿಕುರ್ಚಿಯಲ್ಲೇ ಜಗ ಗೆದ್ದ ಛಲಗಾರ ಅಂತ ಮಾಡಿ, ಜಾಸ್ತಿ ಓದ್ತಾರೆ’ ಅಂದರು ಫೀಚರ್ಸ್‌ನವರು. ‘ಇರಾಕ್ ಯುದ್ಧಕ್ಕೆ ಜೈ ಅಂದವನು, ಅದೇ ಇಂಟ್ರೊ (ಮೊದಲ ಸಾಲು)’ ಅಂದರು ಪಕ್ಕದ ಸೀನಿಯರ್ ಸಬ್. ನಾನು ಎರಡಕ್ಕೂ ಒಪ್ಪಲಿಲ್ಲ. ಗಾಲಿಕುರ್ಚಿ ತಮ್ಮ ಗುರುತಾಗಬಾರದು ಅಂತ ಇಡೀ ಜೀವನ ಎಚ್ಚರ ವಹಿಸಿದ ಮನುಷ್ಯ ಅವರು. ಅದನ್ನೇ ಹೆಡ್ಡಿಂಗ್‌ಗೆ ಹಾಕುವುದು ಅನ್ಯಾಯ. ಇರಾಕ್ ಯುದ್ಧವನ್ನು ಅವರು ಬೆಂಬಲಿಸಿದ್ದು ನಿಜ. ಅಪರೂಪದ ಸಂದರ್ಭಗಳಲ್ಲಿ ಚಿತ್ರಹಿಂಸೆಯನ್ನೂ ಸಮರ್ಥಿಸಿ 2005ರಲ್ಲಿ ಬರೆದರು. ಎರಡನ್ನೂ ಕಾಪಿಯಲ್ಲಿ ಇಟ್ಟೆ. ಹಾಗೇ ಮರಣದಂಡನೆ ಬೇಡ ಎಂದದ್ದನ್ನೂ, ಗರ್ಭಪಾತ ಕಾನೂನುಬದ್ಧವಾಗಿರಲಿ ಎಂದದ್ದನ್ನೂ ಇಟ್ಟೆ. ಜೀವವಿಕಾಸದ ಪಾಠದ ಪಕ್ಕದಲ್ಲಿ ದೇವರ ಸೃಷ್ಟಿಯ ವಾದವನ್ನು ವಿಜ್ಞಾನ ಅಂತ ಕಲಿಸುವುದನ್ನು ವಿರೋಧಿಸಿದ್ದೂ ಇತ್ತು. ಕನ್ಸರ್ವೇಟಿವ್ ಅಂದಕೂಡಲೇ ಓದುಗರು ಊಹಿಸುವ ಪಟ್ಟಿಗೆ ಇವು ಯಾವುವೂ ಸೇರುವುದಿಲ್ಲ, ಅಲ್ವಾ?

ಜೂನ್ 21ರಂದು ಅವರು ತೀರಿಕೊಂಡರು. 68 ವರ್ಷ. ಸುದ್ದಿ ನಮಗೆ ತಲುಪಿದ್ದು ರಾತ್ರಿ ಪಾಳಿಯಲ್ಲಿ. ನಾನು ಮನೆಯಲ್ಲಿದ್ದೆ. ಫೋನ್‌ನಲ್ಲಿ ನಮ್ಮದೇ ಪತ್ರಿಕೆಯ ಪುಶ್ ನೋಟಿಫಿಕೇಶನ್ ಬಂತು: ‘ಟ್ರಂಪ್ ಬೆಂಬಲಿಗ, ಫಾಕ್ಸ್ ನ್ಯೂಸ್ ವಿಶ್ಲೇಷಕ ನಿಧನ’.

ಕ್ಲಿಕ್ ಮಾಡಿದರೆ ಒಳಗೆ ನನ್ನ ಕಾಪಿ ಒಂದಕ್ಷರ ಬದಲಾಗದೆ ಇತ್ತು. ಅದರ ಏಳನೇ ಪ್ಯಾರಾ ಹೇಳುತ್ತಿದ್ದದ್ದು ಇಷ್ಟು: 2016ರಲ್ಲಿ ಟ್ರಂಪ್‌ಗೂ ಓಟು ಹಾಕಲಾರೆ, ಹಿಲರಿ ಕ್ಲಿಂಟನ್‌ಗೂ ಹಾಕಲಾರೆ ಎಂದವರು ಇವರು. ಹಿಲರಿ ವಿರುದ್ಧ ಮಾಹಿತಿ ಸಿಗುತ್ತದೆ ಅಂತ ಚುನಾವಣೆಗೆ ಮುಂಚೆ ಟ್ರಂಪ್ ಮಗ ರಷ್ಯಾದವರನ್ನು ಭೇಟಿಯಾದ ವಿಷಯ 2017ರಲ್ಲಿ ಹೊರಬಿದ್ದಾಗ, ಕೈಗೂಡದೆ ಹೋದರೂ ಅದು ಶಾಮೀಲಾದಂತೆಯೇ ಎಂದು ಬರೆದವರು. ಮೇಲೆ ಹೆಡ್ಡಿಂಗ್ ಅದಕ್ಕೆ ಪೂರ್ತಿ ಉಲ್ಟಾ ಹೇಳುತ್ತಿತ್ತು.

ಡೆಸ್ಕ್‌ಗೆ ಫೋನ್ ಮಾಡಿದೆ, ಎಂಗೇಜ್. ಮತ್ತೆ ಮಾಡಿದೆ, ರಿಂಗಾಯಿತು, ಯಾರೂ ಎತ್ತಲಿಲ್ಲ. ಗ್ರೂಪ್‌ಗೆ ಹಾಕಿದರೆ ಒಂದು ಟಿಕ್. ಲ್ಯಾಪ್‌ಟಾಪ್ ತೆಗೆದು ಸಿಎಂಎಸ್‌ಗೆ (ಸುದ್ದಿ ಹಾಕುವ, ತಿದ್ದುವ ಸಾಫ್ಟ್‌ವೇರ್) ಹೋದರೆ ಸ್ಟೋರಿ ಲಾಕ್ ಆಗಿತ್ತು, ಬೇರೆಯವರು ಎಡಿಟ್ ಮಾಡುತ್ತಿದ್ದಾರೆ ಅಂತ. ಅಷ್ಟರಲ್ಲಿ ಶೇರ್ ಆಗುವುದು ಶುರುವಾಗಿತ್ತು. ಹೊಟ್ಟೆಯಲ್ಲಿ ಸಂಕಟ. ಕೊನೆಗೆ ಶಿಫ್ಟ್ ಇನ್‌ಚಾರ್ಜ್ ಮೊಬೈಲ್ ಎತ್ತಿದರು.

‘ಸರ್, ಅವರು ಟ್ರಂಪ್ ಬೆಂಬಲಿಗರಲ್ಲ.’

‘ಫಾಕ್ಸ್‌ನವರಲ್ವೇನಪ್ಪಾ?’

‘ಏಳನೇ ಪ್ಯಾರಾ ಓದಿ ಸರ್.’

ಆ ಕಡೆ ಸುಮ್ನಾದರು. ಓದುತ್ತಿದ್ದರು ಅನಿಸುತ್ತದೆ. ಆಮೇಲೆ ‘ಬದಲಾಯಿಸ್ತೀನಿ, ಏನು ಹಾಕಲಿ ಹೇಳು’ ಅಂದರು. ‘ಅಮೆರಿಕದ ಅಂಕಣಕಾರ ಕ್ರೌಟ್‌ಹ್ಯಾಮರ್ ಇನ್ನಿಲ್ಲ’ ಅಂತಷ್ಟೇ ಹೇಳಿದೆ. ವೆಬ್‌ನಲ್ಲಿ ಸರಿಯಾಯಿತು. ಪುಶ್ ಮಾತ್ರ ಹೋದದ್ದು ಹೋಯಿತು, ಅದನ್ನು ವಾಪಸ್ ಕರೆಯಲು ಆಗಲಿಲ್ಲ.

ಇನ್‌ಚಾರ್ಜ್ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿ ಒಬ್ಬರೇ ಮೂರು ಪೇಜ್, ವೆಬ್, ಪುಶ್ ನೋಡಬೇಕು ಅಂತ ಮಾಡಿಟ್ಟರೆ ಏಳನೇ ಪ್ಯಾರಾವರೆಗೆ ಯಾರು ಓದುತ್ತಾರೆ? ಮರುದಿನದ ಮೀಟಿಂಗ್‌ನಲ್ಲಿ ನಾನು ಇದನ್ನೇ ಹೇಳಿದೆ. ಮ್ಯಾನೇಜ್‌ಮೆಂಟ್‌ನವರು ‘ಎಲ್ಲರೂ ಎಚ್ಚರಿಕೆಯಿಂದ ಇರಿ’ ಅಂದು ಎದ್ದುಹೋದರು. ಇನ್ನೊಬ್ಬ ಸಬ್‌ನ ಕೊಡಿ ಅಂದರೆ ಬಜೆಟ್ ಇಲ್ಲ. ಎಚ್ಚರಿಕೆಗೆ ಬಜೆಟ್ ಬೇಡವಲ್ಲ, ಅದನ್ನು ಧಾರಾಳವಾಗಿ ಕೊಡುತ್ತಾರೆ.

ಅವತ್ತಿನಿಂದ ನಾನು ರೆಡಿ ಕಾಪಿಯ ಜೊತೆಗೇ ಹೆಡ್ಡಿಂಗ್, ಸ್ಟ್ರಾಪ್ (ಉಪಶೀರ್ಷಿಕೆ), ಪುಶ್ ಮೂರನ್ನೂ ಬರೆದಿಡುತ್ತೇನೆ. ಎಲ್ಲಕ್ಕಿಂತ ಮೇಲೆ, ಓದುಗರು ತಪ್ಪು ತಿಳಿಯಬಹುದಾದ ಒಂದು ಸಂಗತಿಯನ್ನು ದಪ್ಪ ಅಕ್ಷರದಲ್ಲಿ ಹಾಕುತ್ತೇನೆ. ಕ್ರೌಟ್‌ಹ್ಯಾಮರ್ ಕಾಪಿಗೆ ಅದು ‘ಟ್ರಂಪ್ ವಿಮರ್ಶಕ’ ಅಂತ ಇರಬೇಕಿತ್ತು. ಸಿಎಂಎಸ್‌ನಲ್ಲಿ ಅದಕ್ಕೊಂದು ಬೇರೆ ಬಾಕ್ಸ್ ಮಾಡಿಕೊಡಿ ಅಂತ ಟೆಕ್ ಟೀಮ್‌ಗೆ ಟಿಕೆಟ್ (ಕೋರಿಕೆ) ಹಾಕಿದ್ದೇನೆ. ಅದಿನ್ನೂ ಓಪನ್ ಇದೆ. ಅಲ್ಲಿವರೆಗೆ ಬಾಡಿಯ ಮೊದಲ ಸಾಲಿನಲ್ಲೇ ಬರೆದು, ಹಾಕುವ ಮೊದಲು ಇದನ್ನು ಅಳಿಸಿ ಅಂತ ಪಕ್ಕದಲ್ಲಿ ಸೇರಿಸುತ್ತೇನೆ.