ಬಾಂಬೆರ್ಗಿನ ಹೊಗೆ ಬಿಯರ್: ಹೋಗುವವರು ಮೊದಲು ಇದನ್ನು ಓದಿ

ನಾವು ಹೋದದ್ದು ಅಕ್ಟೋಬರ್ ಮೊದಲ ವಾರ, ಅದೂ ಜರ್ಮನಿಯ ಬವೇರಿಯಾಕ್ಕೆ. ಆದರೆ ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್ ಬಿಯರ್ ಜಾತ್ರೆ ಕಡೆ ತಲೆ ಹಾಕಲಿಲ್ಲ. ಅಕ್ಕ-ಭಾವ ಇರುವುದು ನ್ಯೂರೆಂಬರ್ಗ್ ಪಕ್ಕದ ಎರ್ಲಾಂಗೆನ್‌ನಲ್ಲಿ. ಟಿಕೆಟ್ ಮಾಡುವ ಮೊದಲೇ ಭಾವ ಫೋನಿನಲ್ಲಿ ಹೇಳಿದ್ದರು, "ಆ ಜಾತ್ರೆಗೆ ಬರೋದಾದ್ರೆ ನಿನ್ನಷ್ಟಕ್ಕೆ ಹೋಗಿ ಬಾ. ಬಿಯರ್ ಕುಡಿಯೋಕೆ ಬರೋದಾದ್ರೆ ನಮ್ಮನೆಗೆ ಬಾ ಕಣೋ."

ಅವರಿರುವ ಸೀಮೆಯ ಹೆಸರು ಫ್ರಾಂಕೋನಿಯಾ. ನಕ್ಷೆಯಲ್ಲಿ ಬವೇರಿಯಾದ ಉತ್ತರ ಭಾಗ. ಆದರೆ ಅಲ್ಲಿಯವರನ್ನು ಬವೇರಿಯಾದವರು ಅಂದರೆ ಮುಖ ಗಂಟಾಗುತ್ತದೆ, ಹುಬ್ಬಳ್ಳಿಯವರನ್ನು ಬೆಂಗಳೂರಿನವರು ಅಂದ ಹಾಗೆ. ಇದರ ಈಶಾನ್ಯ ಭಾಗಕ್ಕೆ ಅಪ್ಪರ್ ಫ್ರಾಂಕೋನಿಯಾ ಅನ್ನುತ್ತಾರೆ, ಅಲ್ಲೊಂದರಲ್ಲೇ ಸುಮಾರು 200 ಬ್ರೂವರಿಗಳಿವೆ. ಹೆಚ್ಚಿನವು ಸಣ್ಣವು, ಮನೆತನದವು. ಎಷ್ಟೋ ಬ್ರೂವರಿಗಳ ಬಿಯರ್ ಪಕ್ಕದ ಊರಿಗೂ ಹೋಗುವುದಿಲ್ಲ. ಹಾಗಾಗಿ ನಾವೇ ಅಲ್ಲಿಗೆ ಹೋಗಬೇಕು.

ತಲುಪುವುದು ಕಷ್ಟವಿಲ್ಲ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇದೆ, ಅಲ್ಲಿಂದ ವ್ಯೂರ್ಟ್ಸ್‌ಬುರ್ಗ್ ಮೇಲೆ ರೈಲು. ಹೊಗೆ ಬಿಯರ್‌ನ ಊರು ಬಾಂಬೆರ್ಗ್ ಈ ಸೀಮೆಯಲ್ಲೇ ಇದೆ, ಅಲ್ಲೇ ಉಳಿದುಕೊಂಡರೆ ಒಳ್ಳೆಯದು. ಸುತ್ತಾಡಲು ಬಯರ್ನ್ ಟಿಕೆಟ್ ಅಂತ ಒಂದು ದಿನದ ಪಾಸ್ ಸಿಗುತ್ತದೆ, ಐದು ಜನರವರೆಗೆ ಒಂದೇ ಟಿಕೆಟ್‌ನಲ್ಲಿ ಹೋಗಬಹುದು, ಸಾಧಾರಣ ರೈಲುಗಳಿಗೆ ಮಾತ್ರ. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರವೇ ನಡೆಯುತ್ತದೆ. ನಾವು ಅದು ಗೊತ್ತಿಲ್ಲದೆ 8:30ರ ರೈಲಿಗೆ ಓಡಿ ಹೋಗಿ, ಪ್ಲಾಟ್‌ಫಾರ್ಮ್‌ನಲ್ಲಿ ಚಳಿಗೆ ನಡುಗುತ್ತಾ ಕೂತೆವು. ಕಾರು ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ ಬಿಡಿ. ಅಲ್ಲಿ ರಕ್ತದಲ್ಲಿ ಮದ್ಯ 0.5 ಪ್ರೊಮಿಲ್, ಅಂದರೆ ಸಾವಿರಕ್ಕೆ ಅರ್ಧ ಭಾಗ ದಾಟಿದರೆ ಕಥೆ ಮುಗಿಯಿತು, ಒಂದು ಲೋಟದ ಮೇಲೆ ಇನ್ನೊಂದು ಆದರೆ ನೀವು ಅಲ್ಲೇ ಇರುತ್ತೀರಿ.

ಈಗ ನಾನು ಮಾಡಿದ ತಪ್ಪು. ಬಾಂಬೆರ್ಗ್ ಅಂದರೆ ಶ್ಲೆಂಕರ್ಲಾ ಅಂತ ಎಲ್ಲರೂ ಹೇಳುತ್ತಾರೆ, ಹಾಗಾಗಿ ರೈಲಿಳಿದವನೇ ಹಳೇ ಊರಿನ ಆ ಮರದ ತೊಲೆಗಳ ಹೋಟೆಲಿಗೆ ನೇರ ನಡೆದೆ. 1405ರ ದಾಖಲೆಯಲ್ಲೇ ಆ ಮನೆಯ ಹೆಸರಿದೆ. ಒಳಗೆ ಕತ್ತಲು, ತಗ್ಗು ಸೂರು, ಉದ್ದ ಬೆಂಚು. ಕೌಂಟರ್ ಮೇಲೆ ಮರದ ಪೀಪಾಯಿ, ಅದರ ನಲ್ಲಿಯಿಂದ ಬಿಯರ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಗ್ಯಾಸ್ ಒತ್ತಡ ಏನೂ ಇಲ್ಲ. ಬಣ್ಣ ಕಾಫಿ ಡಿಕಾಕ್ಷನ್. ಮೇಲೆ ಕೆನೆಬಣ್ಣದ ನೊರೆ. ಲೋಟ ಮೂಗಿನ ಹತ್ತಿರ ಬಂದಾಗ ನನಗೆ ಬಂದದ್ದು ಬಿಯರ್ ವಾಸನೆಯಲ್ಲ, ಕೊಪ್ಪದ ನಮ್ಮ ಅಜ್ಜಿ ಮನೆಯ ಬಚ್ಚಲ ಒಲೆಯ ವಾಸನೆ. ಮಳೆಗಾಲದಲ್ಲಿ ಹಸಿ ಸೌದೆ ತುರುಕಿ ಹಂಡೆ ನೀರು ಕಾಯಿಸುತ್ತಾರಲ್ಲ, ಆ ನೀರು ಮೈಮೇಲೆ ಬಿದ್ದಾಗ ಬರುವ ಹೊಗೆ. ಒಂದು ಗುಟುಕು ಕುಡಿದೆ. ಹೊಗೆ, ಉಪ್ಪು ಹಚ್ಚಿ ಅಟ್ಟದಲ್ಲಿಟ್ಟ ಒಣಮಾಂಸ, ಆಮೇಲೆ ಎಲ್ಲೋ ಹಿಂದೆ ಸಣ್ಣ ಸಿಹಿ. ನಿಜ ಹೇಳಬೇಕೆಂದರೆ ಚೆನ್ನಾಗಿರಲಿಲ್ಲ.

ಭಾವ ನಗುತ್ತಿದ್ದರು. "ಮೂರನೇ ಲೋಟದ ತನಕ ಏನೂ ಹೇಳಬೇಡ" ಅಂದರು. ಆ ಊರಿನವರೂ ಇದನ್ನೇ ಹೇಳುತ್ತಾರಂತೆ. ಎರಡನೆಯದರ ಅರ್ಧಕ್ಕೆ ಬರುವಾಗ ನಾಲಿಗೆ ಹೊಗೆಯನ್ನು ಮರೆತು ಅದರ ಕೆಳಗಿನ ಮೊಳಕೆ ಬಾರ್ಲಿಯ ರುಚಿ, ಅಂದರೆ ಮಾಲ್ಟ್ ರುಚಿ ಹಿಡಿಯತೊಡಗಿತು. ಮೂರನೆಯದನ್ನು ಯಾರೂ ಕೇಳದೆ ನಾನೇ ಹೇಳಿ ತರಿಸಿದೆ.

ಹೊಗೆ ಎಲ್ಲಿಂದ ಬಂತು ಅಂದರೆ, ನಾವು ರಾಗಿ ಮೊಳಕೆ ಕಟ್ಟಿ ಒಣಗಿಸುವ ಹಾಗೆ ಅವರು ಬಾರ್ಲಿ ಮೊಳಕೆ ಬರಿಸಿ ಒಣಗಿಸುತ್ತಾರೆ. ಇಲ್ಲಿ ಒಣಗಿಸುವುದು ಬೀಚ್ ಮರದ ಸೌದೆ ಬೆಂಕಿಯ ಮೇಲೆ, ಹೊಗೆ ಕಾಳಿಗೆ ಹತ್ತುತ್ತದೆ. ಒಂದು ಕಾಲಕ್ಕೆ ಬೆಂಕಿಯಲ್ಲಿ ಒಣಗಿಸಿದ ಮಾಲ್ಟ್‌ಗೆಲ್ಲ ಹೊಗೆ ವಾಸನೆ ಇದ್ದದ್ದೇ. ಹೊಗೆ ತಾಕದ ಹಾಗೆ ಬಿಸಿಗಾಳಿಯಲ್ಲಿ ಒಣಗಿಸುವ ಗೂಡುಗಳು ಬಂದ ಮೇಲೆ ಬೇರೆಯವರು ಬಿಟ್ಟರು, ಬಾಂಬೆರ್ಗ್‌ನ ಎರಡು ಮನೆಗಳು ಬಿಡಲಿಲ್ಲ. ಒಂದು ಶ್ಲೆಂಕರ್ಲಾ, ಇನ್ನೊಂದು 1536ರಿಂದ ಇರುವ ಶ್ಪೆಟ್ಸಿಯಾಲ್.

ನನ್ನ ತಪ್ಪು, ಮೊದಲೇ ಶ್ಲೆಂಕರ್ಲಾಕ್ಕೆ ಹೋದದ್ದು. ಶ್ಪೆಟ್ಸಿಯಾಲ್ ಸ್ಟೇಷನ್‌ನಿಂದ ಬರುವ ದಾರಿಯಲ್ಲೇ ಇದೆ, ಹತ್ತು ನಿಮಿಷದ ನಡಿಗೆ. ಅದರ ಹೊಗೆ ಮೃದು, ಒಲೆ ಪಕ್ಕದ ಕೋಣೆಯಲ್ಲಿ ಕೂತ ಹಾಗೆ. ಅಲ್ಲಿ ಶುರು ಮಾಡಿ. ಒಂದು ಲೋಟ ಮುಗಿಸಿ ರಸ್ತೆ ದಾಟಿದರೆ ಎದುರಿಗೇ ಫೆಸ್ಲಾ, 1649ರದು, ಹೊಗೆ ಇಲ್ಲದ ಬಿಯರ್. ಅಲ್ಲಿ ಬಾಯಿ ತೊಳೆದುಕೊಂಡು ನದಿ ದಾಟಿ ಶ್ಲೆಂಕರ್ಲಾಕ್ಕೆ ಹೋಗಿ. ಶ್ಪೆಟ್ಸಿಯಾಲ್, ಫೆಸ್ಲಾ ಎರಡರಲ್ಲೂ ಮೇಲೆ ಉಳಿಯುವ ಕೋಣೆಗಳಿವೆ, ಕೆಳಗೆ ಕುಡಿದು ಮೆಟ್ಟಿಲು ಹತ್ತಿದರೆ ಮುಗಿಯಿತು. ಆದರೆ ಮುಂಚೆ ಬುಕ್ ಮಾಡಬೇಕು.

ಬೆಂಗಳೂರಿನ ಪಬ್‌ಗಳಲ್ಲಿ ಆರು ಸಣ್ಣ ಲೋಟಗಳನ್ನು ಹಲಗೆ ಮೇಲೆ ಜೋಡಿಸಿ ತರುತ್ತಾರಲ್ಲ, ಆ ಲೆಕ್ಕದಲ್ಲಿ ಹೋಗಬೇಡಿ. ಹಳೇ ಮನೆಗಳಲ್ಲಿ ಅಳತೆ ಒಂದೇ, ಅರ್ಧ ಲೀಟರ್, ಅದಕ್ಕೆ ಸೈಡ್ಲಾ ಅನ್ನುತ್ತಾರೆ. ಬೆಲೆ 4 ಯೂರೋ ಆಸುಪಾಸು. ರುಚಿ ನೋಡಬೇಕಾದರೂ ಅಷ್ಟು ಕುಡಿಯಲೇಬೇಕು, ಹಾಗಾಗಿ ದಿನಕ್ಕೆ ಮೂರು ಮನೆಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಕೊನೆಗೆ ಸ್ವಲ್ಪವೇ ಬೇಕೆಂದರೆ "ಶ್ನಿಟ್" ಅಂತ ಕೇಳಿ. ಅವಸರದಲ್ಲಿ ಸುರಿದು ನೊರೆ ಜಾಸ್ತಿ ಇರುವ, ಪೂರ್ತಿ ತುಂಬದ ಲೋಟ ಅದು. ಊರಿನ ಮುದುಕರು ಮನೆಗೆ ಹೊರಡುವ ಮುಂಚೆ ಅದನ್ನೇ ಕುಡಿಯುವುದು.

ಇನ್ನು ಕೂರುವ ವಿಷಯ. ಯಾರೂ ಬಂದು ಜಾಗ ತೋರಿಸುವುದಿಲ್ಲ. ಇನ್ನೊಬ್ಬರು ಕೂತ ಮೇಜಿಗೆ ಹೋಗಿ "ಇಸ್ಟ್ ಹಿಯರ್ ನೋಖ್ ಫ್ರೈ?", ಅಂದರೆ ಇಲ್ಲಿ ಜಾಗ ಖಾಲಿ ಇದೆಯಾ ಅಂತ ಕೇಳಿ ಕೂತರಾಯಿತು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ "ಸ್ಟಾಮ್‌ಟಿಶ್" ಅಂತ ಬೋರ್ಡ್ ಇದ್ದರೆ ಖಾಲಿ ಇದ್ದರೂ ಕೂರಬೇಡಿ, ಅದು ಊರಿನ ಖಾಯಂ ಗಿರಾಕಿಗಳ ಜಾಗ. ನಾನು ಕೂತೆ. ಯಾರೂ ಏನೂ ಅನ್ನಲಿಲ್ಲ. ಒಬ್ಬ ಅಜ್ಜ ಬಂದು ನನ್ನ ಪಕ್ಕದಲ್ಲಿ ನಿಂತುಕೊಂಡ, ಅಷ್ಟೇ. ಎದ್ದೆ. ಬಹಳ ಕಡೆ ಲೋಟದ ಕೆಳಗಿನ ರಟ್ಟಿನ ತುಂಡೇ ನಿಮ್ಮ ಬಿಲ್ಲು. ಪ್ರತಿ ಲೋಟಕ್ಕೆ ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಗೀಟು. ಭಾವ ಮಾತಾಡುತ್ತಾ ಅದನ್ನು ಚೂರು ಚೂರು ಹರಿಯುತ್ತಿದ್ದರು, ಕೊನೆಗೆ ಅಕ್ಕ ಮೇಜಿನ ಮೇಲೆ ಆ ಚೂರುಗಳನ್ನು ಜೋಡಿಸಿ ಗೀಟು ಎಣಿಸಿ ತೋರಿಸಬೇಕಾಯಿತು. ನೋಟು ಇಟ್ಟುಕೊಳ್ಳಿ, ಕಾರ್ಡ್ ತೆಗೆದುಕೊಳ್ಳದ ಕಡೆ ಇನ್ನೂ ಎಷ್ಟೋ ಇವೆ.

ವುಂಡರ್‌ಬುರ್ಗ್ ಅನ್ನುವ ಬಡಾವಣೆ ಸ್ಟೇಷನ್‌ನ ಹಿಂಬದಿ, ಪ್ರವಾಸಿಗರು ಕಡಿಮೆ. ಅಲ್ಲಿ ಮಾರ್ಸ್ ಮತ್ತು ಕೇಸ್ಮನ್ ಎರಡು ಬ್ರೂವರಿ ಎದುರುಬದುರು. ಮಾರ್ಸ್‌ನಲ್ಲಿ "ಆ ಊ" ಅಂದರೆ ಸಾಕು, ನರಳಿದ ಹಾಗೆ ಕೇಳುತ್ತದೆ, ಆದರೆ ಅದು ಬಿಯರ್ ಹೆಸರು. ಗ್ಯಾಸ್ ಕಟ್ಟಿಹಾಕದೆ ಬಿಟ್ಟದ್ದು, ಹಾಗಾಗಿ ಹೊಟ್ಟೆ ಉಬ್ಬುವುದಿಲ್ಲ. ನನಗೆ ಇಡೀ ಪ್ರವಾಸದಲ್ಲಿ ಅತಿ ಇಷ್ಟವಾದದ್ದು ಇದೇ, ಹೊಗೆ ಬಿಯರ್ ಕುಡಿಯಲು ಹೋಗಿ ಹೀಗಾಯಿತು.

ಊಟಕ್ಕೆ ಬರೋಣ. ಮಾಂಸ ತಿನ್ನುವವರಾದರೆ ಶ್ಲೆಂಕರ್ಲಾದಲ್ಲಿ ಬಾಂಬೆರ್ಗ್ ಈರುಳ್ಳಿ ತಿನ್ನಿ. ದೊಡ್ಡ ಈರುಳ್ಳಿಯ ತಿರುಳು ತೆಗೆದು ಹಂದಿ ಕೀಮಾ ತುಂಬಿ ಬೇಯಿಸಿ, ಹೊಗೆ ಬಿಯರ್‌ನಲ್ಲೇ ಮಾಡಿದ ಗಸಿ ಸುರಿದು ಕೊಡುತ್ತಾರೆ. ನಮ್ಮ ಎಣ್ಣೆಗಾಯಿ ನೆನಪಾಗುತ್ತದೆ, ಖಾರ ಮಾತ್ರ ಇಲ್ಲ. ಗಸಿಯಲ್ಲೂ ಹೊಗೆ, ಲೋಟದಲ್ಲೂ ಹೊಗೆ, ಜಾಸ್ತಿಯಾಗುತ್ತೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ, ಈರುಳ್ಳಿಯ ಸಿಹಿ ಎರಡನ್ನೂ ಹಿಡಿದು ಕೂರಿಸಿತು. ಮೀನು ಪ್ರಿಯರಿಗೆ ಒಂದು ಮಾತು, ಸೆಪ್ಟೆಂಬರ್‌ನಿಂದ ಏಪ್ರಿಲ್ ಅಲ್ಲಿ ಕೆರೆಯ ಕಾರ್ಪ್ ಮೀನಿನ ಕಾಲ. ಇಡೀ ಮೀನನ್ನು ಉದ್ದಕ್ಕೆ ಎರಡು ಹೋಳು ಮಾಡಿ, ತಲೆ-ಬಾಲ ಸಮೇತ ಕರಿದು ತರುತ್ತಾರೆ, ತಟ್ಟೆಯಿಂದ ಹೊರಗೆ ಬಾಗಿರುತ್ತದೆ. ರೆಕ್ಕೆ ಹಪ್ಪಳದ ಹಾಗೆ ಕರಂಕುರುಂ. ಇದಕ್ಕೆ ಹೊಗೆ ಬಿಯರ್ ಬೇಡವೇ ಬೇಡ, ತಿಳಿ ಲಾಗರ್ ತೆಗೆದುಕೊಳ್ಳಿ. ಮುಳ್ಳು ಜಾಸ್ತಿ, ಮಾತಾಡದೆ ತಿನ್ನಿ.

ಅಕ್ಕ ಶುದ್ಧ ಸಸ್ಯಾಹಾರಿ, ಹನ್ನೊಂದು ವರ್ಷದಿಂದ ಅಲ್ಲಿದ್ದಾಳೆ, ಆದ್ದರಿಂದ ಇದು ಅವಳ ಅನುಭವದ ಮಾತು. ಆಲೂಗಡ್ಡೆ ಉಂಡೆಗೆ ಗ್ರೇವಿ ಹಾಕಿ ಕೊಡುವ "ಕ್ಲೋಸ್ ಮಿಟ್ ಸೋಸ್" ಸಸ್ಯಾಹಾರದ ಹಾಗೆ ಕಾಣುತ್ತದೆ, ಆದರೆ ಗ್ರೇವಿ ಮಾಂಸದ್ದು. ಆಲೂಗಡ್ಡೆ ಸಲಾಡ್‌ಗೂ ಎಷ್ಟೋ ಕಡೆ ಮಾಂಸದ ಸಾರು ಬೆರೆಸಿರುತ್ತಾರೆ, ಕೇಳದೆ ತಿನ್ನಬೇಡಿ. ಅಕ್ಕ ತಿನ್ನುವುದು ಉಪ್ಪು ಹಾಕಿದ ಬ್ರೆಟ್ಸೆಲ್ ಬ್ರೆಡ್ಡು ಮತ್ತು "ಗೆರುಪ್ಫ್‌ಟರ್". ಹಣ್ಣಾದ ಕ್ಯಾಮೆಂಬೆರ್ ಚೀಸ್, ಬೆಣ್ಣೆ, ಈರುಳ್ಳಿ, ಪಾಪ್ರಿಕಾ ಪುಡಿ ಎಲ್ಲ ಕಿವುಚಿದ ಗೊಜ್ಜು ಅದು. ವಾಸನೆ ಸ್ವಲ್ಪ ಜೋರು. ಹೊಗೆ ಬಿಯರ್ ಅದಕ್ಕೇ ಹೇಳಿ ಮಾಡಿಸಿದ್ದು.

ಆದರೆ ನಾನು ತಿಂದ ಅತ್ಯುತ್ತಮ ಜೋಡಿ ಇದ್ಯಾವುದೂ ಅಲ್ಲ. ಅದಕ್ಕೆ ಕೆಲ್ಲರ್ ಅಂದರೆ ಏನು ಅಂತ ಹೇಳಬೇಕು. ಫ್ರಿಜ್ ಇಲ್ಲದ ಕಾಲದಲ್ಲಿ ಬಿಯರ್ ತಣ್ಣಗಿಡಲು ಗುಡ್ಡದ ಮರಳುಕಲ್ಲಿನಲ್ಲಿ ಕೆಲ್ಲರ್, ಅಂದರೆ ನೆಲಮಾಳಿಗೆ ಕೊರೆದರು, ಮೇಲೆ ನೆರಳಿಗೆ ಮರ ನೆಟ್ಟರು, ಆ ಮರದ ಕೆಳಗೆ ಬೆಂಚು ಬಂತು. ಅದಕ್ಕೇ ಇಲ್ಲಿಯವರು ನೆಲಮಾಳಿಗೆ "ಮೇಲೆ" ಹೋಗೋಣ ಅನ್ನುತ್ತಾರೆ. ಎಷ್ಟೋ ಕೆಲ್ಲರ್‌ಗಳಲ್ಲಿ ತಿಂಡಿ ಮನೆಯಿಂದ ತರಬಹುದು, ಬಿಯರ್ ಮಾತ್ರ ಅವರದ್ದೇ ಕೊಳ್ಳಬೇಕು. ಎಲ್ಲ ಕಡೆ ಇಲ್ಲ, ಒಂದು ಮಾತು ಕೇಳಿ ಬಿಚ್ಚಿ. ನಾವು ಕೆಲ್ಲರ್‌ಗೆ ಹೋದ ದಿನ ಅದೃಷ್ಟಕ್ಕೆ ಬಿಸಿಲಿತ್ತು. ಹಣ್ಣೆಲೆಗಳು ಲೋಟದೊಳಗೆ ಬೀಳುತ್ತಿದ್ದವು. ಪಕ್ಕದ ಮೇಜಿನವರು ಚೌಕುಳಿ ಬಟ್ಟೆ ಹಾಸಿ, ಮೂಲಂಗಿಯನ್ನು ಸುರುಳಿಯಾಗಿ ಕೊಯ್ದು ಉಪ್ಪು ಹಾಕುತ್ತಿದ್ದರು. ಅಕ್ಕ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದಳು. ನಿಪ್ಪಟ್ಟು. ಕಡ್ಲೆಕಾಯಿ, ಕರಿಬೇವು, ಕೆಂಪು ಖಾರ. ಖಾರದ ಮೇಲೆ ಹೊಗೆ ಬಿಯರ್ ಇಳಿದಾಗ ಹಿಂದಿನ ಮಾಲ್ಟಿನ ಸಿಹಿ ಮುಂದೆ ಬಂತು, ಕಡ್ಲೆಕಾಯಿ ಈಗಷ್ಟೇ ಕೆಂಡದಲ್ಲಿ ಸುಟ್ಟ ಹಾಗಾಯಿತು. ಪಕ್ಕದ ಮೇಜಿಗೆ ನಾಲ್ಕು ಕೊಟ್ಟೆವು, ಆ ಕಡೆಯಿಂದ ಮೂಲಂಗಿ ಬಂತು. ಹೋಗುವವರು ನಿಪ್ಪಟ್ಟು ಕಟ್ಟಿಕೊಂಡು ಹೋಗಿ, ಕೋಡುಬಳೆ ಆದರೂ ಆದೀತು.

ಯಾವಾಗ ಹೋಗಬೇಕು ಅನ್ನುವುದು ನಿಮ್ಮ ಸ್ವಭಾವಕ್ಕೆ ಬಿಟ್ಟದ್ದು. ಗದ್ದಲ ಬೇಕಾದರೆ ಮೇ-ಜೂನ್‌ನಲ್ಲಿ ಬರುವ ಪೆಂಟೆಕೋಸ್ಟ್ ಹಬ್ಬದ ಹೊತ್ತಿಗೆ ಎರ್ಲಾಂಗೆನ್‌ನ ಬೆರ್ಗ್‌ಕಿರ್ಖ್‌ವೈ, 1755ರಿಂದ ನಡೆಯುತ್ತಿರುವ ಜಾತ್ರೆ, 12 ದಿನ. ಜುಲೈ ಕೊನೆಗೆ ಫೋರ್ಖ್‌ಹೈಮ್‌ನ ಕಾಡಿನಲ್ಲಿ ಅನ್ನಾಫೆಸ್ಟ್, ಆಗಸ್ಟ್‌ನಲ್ಲಿ ಬಾಂಬೆರ್ಗ್‌ನಲ್ಲೇ ಸಾಂಡ್‌ಕೆರ್ವಾ. ಆಗ ರೂಮು ಸಿಗುವುದು ಕಷ್ಟ. ನಮ್ಮ ಹಾಗೆ ಅಕ್ಟೋಬರ್‌ನಲ್ಲಿ ಹೋದರೆ ಮಳೆಯ ಭಯ ಇದೆ, ಆದರೆ ಬಾಕ್ ಅನ್ನುವ ಗಟ್ಟಿ ಬಿಯರ್ ತೆರೆಯುವ ಕಾಲ. ಪ್ರತಿ ಮನೆಯೂ ತನ್ನದೇ ಒಂದು ದಿನ ಗೊತ್ತುಮಾಡಿ ಮೊದಲ ಪೀಪಾಯಿ ತೆರೆಯುತ್ತದೆ. ಶ್ಲೆಂಕರ್ಲಾದ ಉರ್‌ಬಾಕ್ 6.5 ಶೇಕಡಾ, ಅದನ್ನು ಮೂರನೇ ಲೋಟಕ್ಕೆ ಇಟ್ಟುಕೊಳ್ಳಬೇಡಿ.

ನಡೆಯುವ ಹುಮ್ಮಸ್ಸಿದ್ದರೆ ಔಫ್‌ಸೆಸ್‌ಗೆ ಹೋಗಿ. ಒಂದೂವರೆ ಸಾವಿರವೂ ಜನರಿಲ್ಲದ ಪಂಚಾಯಿತಿ, ಬ್ರೂವರಿ ನಾಲ್ಕು. ಗಿನ್ನೆಸ್ ದಾಖಲೆಯೂ ಇದೆ. ನಾಲ್ಕನ್ನೂ ಸೇರಿಸುವ ಸುಮಾರು 14 ಕಿಲೋಮೀಟರ್ ಕಾಲುದಾರಿ, ಹೊಲ, ಕಾಡು, ಮತ್ತೆ ಹೊಲ. ಬಸ್ಸು ಬೆರಳೆಣಿಕೆಯಷ್ಟು, ನಮ್ಮನ್ನು ಅಕ್ಕ ಕಾರಿನಲ್ಲಿ ಬಿಟ್ಟಳು. ನಾವು ಮಂಗಳವಾರ ಹೋಗಿ ಕೆಟ್ಟೆವು. ಒಂದಕ್ಕೆ ವಾರದ ರಜೆ, ಇನ್ನೊಂದು ತೆರೆಯುವುದು ಮಧ್ಯಾಹ್ನದ ಮೇಲೆ. ಎರಡೂವರೆ ಗಂಟೆ ನಡೆದು ಮುಚ್ಚಿದ ಬಾಗಿಲ ಮುಂದೆ ನಿಂತಾಗ ಭಾವ ಒಂದು ಮಾತೂ ಆಡಲಿಲ್ಲ, ಬಾಟಲಿಯಲ್ಲಿದ್ದ ನೀರು ಕುಡಿದರು. ಹಳ್ಳಿ ಬ್ರೂವರಿಗಳಿಗೆ "ರೂಎಟಾಗ್" ಅಂತ ವಾರದ ರಜೆ ಇರುತ್ತದೆ, ಸೋಮವಾರ-ಮಂಗಳವಾರ ಜಾಸ್ತಿ. ಹೊರಡುವ ಹಿಂದಿನ ದಿನ ನೋಡಿಕೊಳ್ಳಿ.

ವಾಪಸ್ ಬರುವಾಗ ಬಾಟಲಿ ತರುವವರಿಗೆ ಎರಡು ಮಾತು. ಭಾನುವಾರ ಅಂಗಡಿ ಇರುವುದಿಲ್ಲ, ಶನಿವಾರವೇ ಕೊಳ್ಳಿ. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ಒಬ್ಬರಿಗೆ 2 ಲೀಟರ್, ಅಂದರೆ ಅರ್ಧ ಲೀಟರಿನ ನಾಲ್ಕು ಬಾಟಲಿ. ಪ್ರತಿಯೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ, ಆಮೇಲೆ ಬಟ್ಟೆ ಸುತ್ತಿ. ನಾನು ಬಟ್ಟೆ ಮಾತ್ರ ಸುತ್ತಿದ್ದೆ. ಬೆಂಗಳೂರಿನಲ್ಲಿ ಸೂಟ್‌ಕೇಸ್ ತೆರೆದಾಗ ಮೂರೇ ಬಾಟಲಿ, ನಾಲ್ಕನೆಯದು ನನ್ನ ಬೂದು ಸ್ವೆಟರ್‌ನಲ್ಲಿ. ಎರಡು ಸಲ ಒಗೆದ ಮೇಲೂ ಅಮ್ಮ ಅದನ್ನು ಮೂಸಿ ನೋಡಿ, "ಯಾರ ಮನೆ ಬಚ್ಚಲು ಒಲೆ ಉರಿ ಹಾಕೋಕೆ ಹೋಗಿದ್ದೆ?" ಅಂತ ಕೇಳಿದರು.