ನಂದಿಬೆಟ್ಟದಲ್ಲಿ ಅಪರೂಪದ ಹಕ್ಕಿ ನೋಡಬೇಕಾ? ನಡೆಯಬೇಡಿ, ಕೂತ್ಕೊಳ್ಳಿ

ಅಕ್ಟೋಬರ್ ಕೊನೆಯ ವಾರ. ಬೆಂಗಳೂರಿನ ಹಕ್ಕಿ ಗೆಳೆಯರೆಲ್ಲರ ಬಾಯಲ್ಲೂ ಒಂದೇ ಸುದ್ದಿ: ನಂದಿಬೆಟ್ಟದ ನರ್ಸರಿ ಹತ್ತಿರ ಪೈಡ್ ಥ್ರಷ್ ಕಾಣಿಸಿದೆ. ಹಿಮಾಲಯದಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ಶ್ರೀಲಂಕಾಕ್ಕೆ ಹೋಗುವ ಹಕ್ಕಿ ಇದು. ದಾರಿಯಲ್ಲಿ ಇಲ್ಲಿಳಿದು, ಹೊಟ್ಟೆ ತುಂಬಿಸಿಕೊಂಡು ಹೊರಟುಬಿಡುತ್ತದೆ. ಎರಡು ದಿನ ತಡ ಮಾಡಿದರೆ ಸಿಗುತ್ತದೆ ಅನ್ನೋ ಭರವಸೆ ಇಲ್ಲ. ಮಾರನೇ ದಿನವೇ ರಜೆ ಹಾಕಿ ನಾನೂ ತಂಗಿಯೂ ಹೊರಟೆವು.

ರಜೆ ಹಾಕಿದ್ದು ಸುಮ್ನೆ ಅಲ್ಲ. ಶನಿವಾರ, ಭಾನುವಾರ ನಂದಿಬೆಟ್ಟ ಖಂಡಿತ ಬೇಡ. ಹಿಂದೊಮ್ಮೆ ಭಾನುವಾರ ಹೋಗಿ, ಸೂರ್ಯೋದಯ ನೋಡುವವರ ಬೈಕು ಕಾರುಗಳ ನಡುವೆ ಘಾಟಿ ರಸ್ತೆಯಲ್ಲೇ ಎರಡು ಗಂಟೆ ಕಳೆದಿದ್ದೆ. ವಾರದ ದಿನವಾದರೆ ಊರಿಂದ ಸುಮಾರು 60 ಕಿಲೋಮೀಟರ್ ದಾರಿ ಸಲೀಸಾಗಿ ಸಾಗುತ್ತದೆ. ಬಸ್ಸನ್ನು ನಂಬಿದರೆ ಹಕ್ಕಿಗಳ ಒಳ್ಳೆ ಹೊತ್ತು ತಪ್ಪಿಹೋಗುತ್ತದೆ. ನಾಲ್ಕೈದು ಜನ ಸೇರಿ ಒಂದು ಕಾರು ಮಾಡಿಕೊಳ್ಳಿ.

ಬೆಟ್ಟ 1,478 ಮೀಟರ್ ಎತ್ತರ. ಬೆಳಿಗ್ಗೆ ಮಂಜು ಎಷ್ಟಿರುತ್ತದೆ ಅಂದರೆ ಬೈನಾಕ್ಯುಲರ್ ಗಾಜು ಮತ್ತೆ ಮತ್ತೆ ಮಸುಕಾಗುತ್ತದೆ. ಒಂದು ಹಳೇ ಹತ್ತಿ ಬಟ್ಟೆ ಜೇಬಲ್ಲಿರಲಿ. ಸ್ವೆಟರ್ ಇರಲಿ, ಬೂದು ಅಥವಾ ಹಸಿರು ಬಣ್ಣದ್ದು. ತಿಂಡಿ ಮಾತ್ರ ಕಾರಿನಲ್ಲೇ ಇರಲಿ, ಕೈಯಲ್ಲಿ ಕಂಡರೆ ಕೋತಿಗಳು ಬಿಡಲ್ಲ.

ನರ್ಸರಿ ಹತ್ತಿರ ಎಲ್ಲರೂ ಮಾಡುವ ತಪ್ಪೆಂದರೆ ಓಡಾಡುವುದು. ಈ ಹಕ್ಕಿಗಳು ಇರುವುದು ನೆಲದ ಮೇಲೆ, ನೆರಳಲ್ಲಿ, ಒದ್ದೆ ತರಗೆಲೆಯ ನಡುವೆ. ನಿಮ್ಮ ಹೆಜ್ಜೆ ಸದ್ದು ಕೇಳಿದರೆ ಪೊದೆ ಸೇರುತ್ತವೆ. ನಾವು ಒಂದು ಪೊದೆಗೆ ಇಪ್ಪತ್ತು ಅಡಿ ದೂರದಲ್ಲಿ ಕೂತೆವು. ಇಪ್ಪತ್ತು ನಿಮಿಷ ಏನೂ ಇಲ್ಲ. ಆಮೇಲೆ ಇಂಡಿಯನ್ ಬ್ಲೂ ರಾಬಿನ್ ಒಂದು ಮೆಲ್ಲಗೆ ಹೊರಬಂತು. ನೀಲಿ ಬೆನ್ನು, ಕಿತ್ತಳೆ ಎದೆ, ಬಿಳಿ ಹುಬ್ಬು. ಎರಡು ಹೆಜ್ಜೆ ಕುಪ್ಪಳಿಸಿ ನಿಲ್ಲುವುದು, ಬಾಲ ನಡುಗಿಸುವುದು, ಮತ್ತೆ ಎರಡು ಹೆಜ್ಜೆ. ಅದನ್ನೇ ನೋಡುತ್ತಿದ್ದಾಗ ತಂಗಿ ಪಿಸುಗುಟ್ಟಿದಳು: "ಅಕ್ಕಾ, ಅಲ್ಲಿ ಎಲೆ ಹಾರ್ತಿದೆ ನೋಡು."

ನಿಜವಾಗಿಯೂ ಎಲೆಗಳು ಹಾರುತ್ತಿದ್ದವು. ಕೊಕ್ಕಿನಿಂದ ಒಂದೊಂದೇ ತರಗೆಲೆಯನ್ನು ಪಕ್ಕಕ್ಕೆ ಎಸೆಯುತ್ತಾ ಹುಳ ಹುಡುಕುತ್ತಿತ್ತು ಪೈಡ್ ಥ್ರಷ್. ಗಂಡು. ಕಪ್ಪು ಮೈ, ಉದ್ದನೆಯ ಬಿಳಿ ಹುಬ್ಬು, ರೆಕ್ಕೆ ಮೇಲೆ ಬಿಳಿ ಮಚ್ಚೆಗಳು. ನನ್ನ ಕೈ ನಡುಗುತ್ತಿತ್ತು. ಫೋಟೋ ಒಂದೂ ಸರಿಯಾಗಿ ಬರಲಿಲ್ಲ, ಆದರೆ ಕಣ್ತುಂಬ ನೋಡಿದೆವು.

ಅಷ್ಟರಲ್ಲಿ ಯಾರೋ ಬಂದು ಫೋನಿನಲ್ಲಿ ಹಕ್ಕಿಯ ಕೂಗು ಹಾಕಿದರು. ಹಕ್ಕಿ ಕತ್ತೆತ್ತಿ ನೋಡಿ ಮಾಯವಾಯಿತು. ದಯವಿಟ್ಟು ಇದನ್ನು ಮಾಡಬೇಡಿ. ಇನ್ನೂ ಸಮುದ್ರ ದಾಟಬೇಕಾದ ಜೀವ ಅದು. ತಿನ್ನಲು ಸಿಗುವ ಪ್ರತಿ ನಿಮಿಷವೂ ಅದಕ್ಕೆ ಬೇಕು, ಅಲ್ವಾ?

ಬಿಸಿಲೇರಿದ ಮೇಲೆ ಬಂಡೆಗಳಿರುವ ಇಳಿಜಾರಿಗೆ ಬನ್ನಿ. ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲಿ ಮಾತ್ರ ಬದುಕುವ ಹಳದಿ ಕತ್ತಿನ ಪಿಕಳಾರ ಇಲ್ಲಿದೆ. ಪಶ್ಚಿಮ ಘಟ್ಟದ ನೀಲಗಿರಿ ಕಾಡುಪಾರಿವಾಳವೂ ಘಟ್ಟದಿಂದ ಇಷ್ಟು ದೂರದ ಈ ಬೆಟ್ಟದಲ್ಲಿ ನೆಲೆಸಿದೆ. ಇವೆರಡೂ ವರ್ಷವಿಡೀ ಇರುವ ಹಕ್ಕಿಗಳು, ಹಾಗಾಗಿ ಗಡಿಬಿಡಿ ಬೇಡ.

ಸಂಜೆಗೆ ಶಕ್ತಿ ಉಳಿದಿದ್ದರೆ ಹೆಸರಘಟ್ಟದ ಹುಲ್ಲುಗಾವಲು. ಚಳಿಗಾಲಕ್ಕೆ ಬರುವ ಹ್ಯಾರಿಯರ್ ಎಂಬ ಬೇಟೆಹಕ್ಕಿಗಳು ಕತ್ತಲಾಗುವ ಹೊತ್ತಿಗೆ ಹುಲ್ಲಿಗೆ ಇಳಿಯುತ್ತವೆ, ನೆಲದ ಮೇಲೇ ಮಲಗುತ್ತವೆ. ಗಾಡಿಯನ್ನು ಹುಲ್ಲಿನ ಮೇಲೆ ಓಡಿಸಲೇಬೇಡಿ. ಕಾವಲಿನವರು ಬೇಡ ಅಂದ ಕಡೆ ಹೋಗಬೇಡಿ. ಆಫ್ರಿಕಾಕ್ಕೆ ಹೊರಟ ಅಮುರ್ ಫಾಲ್ಕನ್ ಎಂಬ ಪುಟ್ಟ ಬೇಟೆಹಕ್ಕಿ ನೋಡುವ ಆಸೆಯಿದ್ದರೆ ನವೆಂಬರ್‌ನಲ್ಲಿ ಪ್ರಯತ್ನಿಸಿ.

ನೋಡಿದ್ದನ್ನು ಅವತ್ತೇ ಇ-ಬರ್ಡ್‌ಗೆ (ಹಕ್ಕಿ ನೋಡಿದವರು ದಾಖಲಿಸುವ ಜಾಲತಾಣ) ಹಾಕಿ: ಎಷ್ಟು ಹೊತ್ತಿಗೆ, ಎಷ್ಟು ಹಕ್ಕಿ, ಯಾವ ಗುರುತು ಕಂಡಿತು. ಅನುಮಾನವಿದ್ದರೆ ಬರೀ 'ಥ್ರಷ್' ಅಂತ ಬಿಡಿ. ನಮಗೂ ಹಕ್ಕಿ ಸಿಕ್ಕಿದ್ದು ಯಾರೋ ಸರಿಯಾಗಿ ಬರೆದಿಟ್ಟಿದ್ದರಿಂದಲೇ.

ಮೂರು ದಿನ ಬಿಟ್ಟು ಹೋದ ಗೆಳತಿಗೆ ಪೈಡ್ ಥ್ರಷ್ ಸಿಗಲಿಲ್ಲ. ಬ್ಲೂ ರಾಬಿನ್ ಮಾತ್ರ ಅದೇ ಪೊದೆಯ ಬುಡದಲ್ಲಿ ಬಾಲ ನಡುಗಿಸುತ್ತಾ ಇತ್ತಂತೆ.