ಎಲಿಯಟ್ ಕೌಂಟಿಯ ವೋಟು
ಅಮೆರಿಕದ ಕೆಂಟಕಿ ರಾಜ್ಯದ ಎಲಿಯಟ್ ಕೌಂಟಿ (ನಮ್ಮ ಜಿಲ್ಲೆಯ ಥರ) ಎರಡು ದಿನದಿಂದ ನನ್ನ ತಲೆಯಲ್ಲೇ ಕೂತಿದೆ. ಬೆಟ್ಟದ ಸೀಮೆ, ಏಳೆಂಟು ಸಾವಿರ ಜನ, ಹೆಚ್ಚುಕಮ್ಮಿ ಎಲ್ಲರೂ ಬಿಳಿಯರು, ಹಿಂದೆ ತಂಬಾಕು ಬೆಳೆದು ಬದುಕಿದವರು. 1869ರಲ್ಲಿ ಕೌಂಟಿ ಆದಾಗಿನಿಂದ 2012ರವರೆಗೆ ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲೂ ಇಲ್ಲಿ ಗೆದ್ದಿದ್ದು ಡೆಮಾಕ್ರಟಿಕ್ ಪಕ್ಷದವರೇ, ಆ ಪಕ್ಷದ ಒಬಾಮಾಗೂ ಎರಡು ಸಲ ಇಲ್ಲಿ ಜಾಸ್ತಿ ವೋಟು ಬಿತ್ತು. 2016ರಲ್ಲಿ ಎದುರು ಪಕ್ಷವಾದ ರಿಪಬ್ಲಿಕನ್‌ನ ಟ್ರಂಪ್‌ಗೆ ಸುಮಾರು ಶೇ. 70 ವೋಟು! ಆಗಲೂ ಮತದಾರರ ಪಟ್ಟಿಯಲ್ಲಿ (ಅಲ್ಲಿ ಹೆಸರಿನ ಜೊತೆ ಪಕ್ಷವನ್ನೂ ಬರೆಸುತ್ತಾರೆ) ಹೆಚ್ಚಿನವರು ಡೆಮಾಕ್ರಟ್ ಅಂತಲೇ ಇದ್ದರು. ಇವರನ್ನು ಸುಮ್ನೆ ತಿಳಿಯದವರು ಅಂದುಬಿಟ್ಟರೆ ನನಗೆ ನೋವಾಗುತ್ತದೆ. ಅಜ್ಜನ ಕಾಲದ ಪಕ್ಷ ಬಿಡುವುದು ಸುಲಭ ಅಲ್ಲ, ಅಲ್ವಾ? ಮತ್ತೆ 2019ರ ಗವರ್ನರ್ ಚುನಾವಣೆಯಲ್ಲಿ ಇದೇ ಕೌಂಟಿ ಡೆಮಾಕ್ರಟ್ ಆಂಡಿ ಬೆಶಿಯರ್ ಅವರನ್ನು ಗೆಲ್ಲಿಸಿತು. ವಾಷಿಂಗ್ಟನ್‌ಗೆ ಒಂದು ಲೆಕ್ಕ, ತಮ್ಮ ರಾಜ್ಯಕ್ಕೆ ಇನ್ನೊಂದು. ಆ ಬೆಟ್ಟಗಳಲ್ಲಿ ಒಂದು ವಾರ ಇದ್ದು, ಅವರ ಮಾತು ಕೇಳಬೇಕು ಅನಿಸುತ್ತಿದೆ.